ಗಂಟೆ ಸ್ಕೂಲಿನ ಗುಂಡಮ್ಮ

ಹೋದ ವರ್ಷವೆಲ್ಲ ಪಿಳ್ಳಪ್ಪನ ಬಸ್ಸಿಗೆ ಗ್ರಹಚಾರ ಸರಿ ಇರಲಿಲ್ಲ. ಯುಗಾದಿಗೆ ಮುಂಚೆ ಕ್ಲಚ್ ಪ್ಲೇಟ್ ಹೋಯಿತು. ಮಳೆಗಾಲ ಬಂದ ಹೊತ್ತಿಗೆ ಸರಿಯಾಗಿ ವೈಪರ್ ಕೈಕೊಟ್ಟಿತು. ಘಾಟಿ ಸುಬ್ರಹ್ಮಣ್ಯದ ತಿರುವಿನಲ್ಲಿ, ಪಾಪ, ತನ್ನ ಪಾಡಿಗೆ ನಿಂತಿದ್ದ ಬಸ್ಸಿಗೆ ಒಂದು ಎಮ್ಮೆ ಬಂದು ಗುದ್ದಿ ಹೆಡ್‌ಲೈಟ್ ಒಡೆದು ಹಾಕಿತು. ಎಮ್ಮೆಗೆ ಒಂದು ಗೀರೂ ಆಗಲಿಲ್ಲ. ಇದಕ್ಕೆಲ್ಲ ಕಾರಣ ಏನು ಅಂತ ಯಾರಾದರೂ ಕೇಳಿದರೆ ಪಿಳ್ಳಪ್ಪನ ಹತ್ತಿರ ಉತ್ತರ ತಯಾರಾಗಿತ್ತು.

"ಆಯುಧಪೂಜೆಗೆ ಆಫೀಸಿನೋರು ಕೊಟ್ಟ ಬೂದುಗುಂಬಳಕಾಯಿ ನೋಡಿದ್ರಾ? ಬದನೆಕಾಯಿ ಗಾತ್ರ! ಒಡೆದ್ರೆ ಸದ್ದೇ ಬರ್ಲಿಲ್ಲ. ಇಷ್ಟು ದೊಡ್ಡ ಬಸ್ಸಿನ ದೃಷ್ಟಿ ಅಷ್ಟು ಸಣ್ಣ ಕಾಯಿಗೆ ಇಳೀತದಾ, ನೀವೇ ಹೇಳಿ."

ಆಫೀಸಿನ ಕಿಟಕಿಯ ಮುಂದೆ ನಿಂತು ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಒಳಗಿದ್ದ ಗುಮಾಸ್ತರು ಅವನು ಬರುವುದನ್ನು ಕಂಡರೆ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಪಿಳ್ಳಪ್ಪ ಬಸ್ಸು ಓಡಿಸುತ್ತಿದ್ದದ್ದು ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ವಸತಿ ಶಾಲೆಗೆ. ಬೋರ್ಡಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರು ಇದ್ದರೂ ಸುತ್ತಲಿನ ಊರವರ ಬಾಯಲ್ಲಿ ಅದು ಗಂಟೆ ಸ್ಕೂಲು. ಶಾಲೆಯ ನಡುವೆ ಒಂದು ಕಲ್ಲಿನ ಚಾಪೆಲ್, ಅಂದರೆ ಸಣ್ಣ ಚರ್ಚು, ಅದರ ನೆತ್ತಿಯ ಮೇಲೆ ಒಂದು ಗಂಟೆ. ಬೆಳಗಿನ ಗಂಟೆ ಬಾರಿಸಿದರೆ ಪಕ್ಕದ ಹಳ್ಳಿಯಲ್ಲಿ ಹಸುಗಳ ಹಾಲು ಕರೆಯಲು ಕೂರುತ್ತಾರೆ. ಸಂಜೆ ಗಂಟೆಗೆ ಮಕ್ಕಳನ್ನು ಬೀದಿಯಿಂದ ಒಳಗೆ ಎಳೆದುಕೊಳ್ಳುತ್ತಾರೆ. ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಒಕ್ಕಲುತನದ ಮನೆಗಳವರು. ಮನೆಯಲ್ಲಿ ಮುನೇಶ್ವರ, ಶಾಲೆಯಲ್ಲಿ ಚಾಪೆಲ್. ಸಂಜೆಯಾದರೆ ಮಕ್ಕಳು, ಮೇಷ್ಟ್ರು, ಅಡುಗೆಯವರು, ವಾಚ್‌ಮನ್ನು, ಡ್ರೈವರು ಎಲ್ಲರೂ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಟ್ಟಿಗೆ ಕೂತು ಹಾಡಬೇಕು. ಯಾರ ಮನೆದೇವರು ಯಾವುದು ಅಂತ ಆ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಕಾಲು ತೊಳೆದೆಯಾ ಅಂತ ಮಾತ್ರ ಕೇಳುತ್ತಾರೆ.

ಆ ಚಾಪೆಲ್ಲಿನ ದೊಡ್ಡ ಹಬ್ಬವೆಂದರೆ ಬೆಳೆಹಬ್ಬ. ದಸರಾ ರಜೆಗೆ ಮಕ್ಕಳು ಮನೆಗೆ ಹೊರಡುವ ದಿನ ಬೆಳಿಗ್ಗೆ, ಎರಡು ಹಾಸ್ಟೆಲಿನವರೂ ತಾವೇ ಕೈಯಾರೆ ಬೆಳೆದದ್ದನ್ನು ತಂದು ದೇವರ ಮುಂದೆ ಇಡಬೇಕು. ಹುಡುಗಿಯರದು ಮಾಕಳಿ ಹಾಸ್ಟೆಲು, ಹುಡುಗರದು ನಂದಿ ಹಾಸ್ಟೆಲು. ಇಟ್ಟದ್ದನ್ನೆಲ್ಲ ಅಂದೇ ಬೇಯಿಸಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡು ಊರಿಗೆ ಹೊರಡುವುದು ಪದ್ಧತಿ. ಯಾರ ಕಾಣಿಕೆಯಿಂದ ಹೆಚ್ಚು ಎಲೆಗಳಿಗೆ ಬಡಿಸಬಹುದೋ ಅವರು ಗೆದ್ದಂತೆ. ಅದನ್ನು ಹೇಳುವ ಅಧಿಕಾರ ಮೇಷ್ಟ್ರಿಗೂ ಇಲ್ಲ, ಪಾದ್ರಿಗಳಿಗೂ ಇಲ್ಲ, ಅಡುಗೆಮನೆಯ ಯಜಮಾನಿಗೆ. ಆ ಯಜಮಾನಿ ಮುನಿತಾಯಮ್ಮ, ಪಿಳ್ಳಪ್ಪನ ಹೆಂಡತಿ. ಗೆದ್ದವರಿಗೆ ವರ್ಷವಿಡೀ ಚಾಪೆಲ್ ಗಂಟೆ ಬಾರಿಸುವ ಹಕ್ಕು. ಹಕ್ಕು ಅಂದರೆ ಏನು, ಚಳಿಗಾಲದಲ್ಲೂ ಎಲ್ಲರಿಗಿಂತ ಮುಂಚೆ ಎದ್ದು ಹಲ್ಲು ಕಡಿಯುತ್ತಾ ಹೋಗಿ ಹಗ್ಗ ಎಳೆಯುವುದು. ಅದಕ್ಕಾಗಿ ಆ ಮಕ್ಕಳು ಹೊಡೆದಾಡುತ್ತಿದ್ದವು.

ಹೊಡೆದಾಟ ಅಂದರೆ ಬರೀ ಮಾತಿಗಲ್ಲ. ಹೋದ ವರ್ಷ ನಂದಿಯವರು ತಂದ ಬಾಳೆಗೊನೆಯ ದಿಂಡಿನ ಮೇಲೆ ಮಂಡಿಯವರು ಹಾಕಿದ ಸುಣ್ಣದ ಗುರುತು ಇದೆ, ಅದು ಕೊಂಡು ತಂದದ್ದು ಅಂತ ಮಾಕಳಿಯವರು ಪ್ರಾರ್ಥನೆಯ ನಡುವೆಯೇ ಕೂಗಿದರು. ಅದು ಪಾರಿವಾಳ ಹಾಕಿದ ಗುರುತು ಅಂತ ನಂದಿಯವರು ತಿರುಗಿ ಕೂಗಿದರು. ಕಾಣಿಕೆಯ ಸೀತಾಫಲಗಳು ಹಾರಾಡಿದವು. ಒಂದು ಹಣ್ಣು ಹೋಗಿ ಆಗಷ್ಟೇ ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲ್ ಹರಿಪ್ರಸಾದರ ಕೋಟಿನ ಮೇಲೆ ಕೂತಿತು.

ಹರಿಪ್ರಸಾದರು ಕೋಟನ್ನು ಒಗೆಸಿಕೊಂಡರು, ಆದರೆ ಮರೆಯಲಿಲ್ಲ. ಈ ವರ್ಷ ಶಾಲೆ ಶುರುವಾದ ದಿನವೇ ಹೇಳಿಬಿಟ್ಟರು: "ಇನ್ನೊಂದು ಸಲ ಮಾಕಳಿ-ನಂದಿ ಅಂತ ಜಗಳ ಆದ್ರೆ ಬೆಳೆಹಬ್ಬ ಅವತ್ತಿಗೆ ಮುಗೀತು. ಮುಂದಿನ ವರ್ಷದಿಂದ ಎಲ್ಲರೂ ಒಂದೊಂದು ಬಿಸ್ಕತ್ ಪ್ಯಾಕೆಟ್ ತಂದು ಡಬ್ಬಿಗೆ ಹಾಕಿ. ಗಂಟೆಗೆ ಕರೆಂಟ್ ಬೆಲ್ ಹಾಕಿಸ್ತೀನಿ."

ಕರೆಂಟ್ ಬೆಲ್ ಅಂದದ್ದೇ ಇಡೀ ಶಾಲೆಗೆ ಜ್ವರ ಬಂದಂತಾಯಿತು. ಪಿಳ್ಳಪ್ಪನಿಗೂ ಬಂತು. ಅವನು ಕಿರಿಸ್ತಾನರವನಲ್ಲ, ಹಾಡಿನಲ್ಲಿ ಅರ್ಧಕ್ಕರ್ಧ ಪದ ಅವನಿಗೆ ತಿಳಿಯದು. ಆದರೂ ಬೆಳೆಹಬ್ಬದ ದಿನ ಬಾಗಿಲ ಪಕ್ಕದ ಕಡೆಯ ಬೆಂಚಿನಲ್ಲಿ ಕೂತು, ಆ ಕುಂಬಳಕಾಯಿ, ರಾಗಿತೆನೆ, ಚಕ್ಕೋತಗಳ ರಾಶಿಯನ್ನು ನೋಡುತ್ತಾ, ಎಲ್ಲರ ಜೊತೆ "ಆಮೆನ್" ಅಂತ ಗಟ್ಟಿಯಾಗಿ ಕೂಗದಿದ್ದರೆ ಅವನಿಗೆ ದಸರಾ ಬಂದಂತೆ ಅನ್ನಿಸುತ್ತಿರಲಿಲ್ಲ.

ಈ ವರ್ಷ ಬೆಳೆಹಬ್ಬವೂ ಆಯುಧಪೂಜೆಯೂ ಒಂದೇ ದಿನ ಬಂದವು.

ಪಿಳ್ಳಪ್ಪ ವಾಲಿಬಾಲ್ ಮಕ್ಕಳನ್ನು ಹೊಸಕೋಟೆಗೆ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದವನು ಹಿಂದಿನ ಸಂಜೆಯಷ್ಟೇ ಬಂದಿದ್ದ. ಬೆಳಗಾಗುತ್ತಲೇ ಸ್ನಾನ ಮಾಡಿ, ಬಸ್ಸಿಗೆ ಮಾವಿನ ಸೊಪ್ಪು ಕಟ್ಟಿ, ಅರಿಶಿನ ಕುಂಕುಮ ತೆಗೆದುಕೊಳ್ಳಲು ಚಾಪೆಲ್ ಹಿಂದಿನ ಬಸ್ ಶೆಡ್ಡಿಗೆ ಹೋದ. ಮೂಲೆಯಲ್ಲಿ ಒಂದು ಗೋಣಿಚೀಲ ಗುಡ್ಡದಂತೆ ಎದ್ದು ನಿಂತಿತ್ತು. ಎತ್ತಿ ನೋಡಿದ.

ಒಳಗೆ ಹುಲ್ಲಿನ ಹಾಸಿಗೆಯ ಮೇಲೆ ಒಂದು ಬೂದುಗುಂಬಳಕಾಯಿ ಮಲಗಿತ್ತು. ಕಾಯಿ ಅಂದರೆ ಕಾಯಿ! ವರ್ಷದ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ. ಮೈಮೇಲೆ ಬೂದಿ ಬಿಳಿಬಿಳಿಯಾಗಿ ಹಾಗೇ ಇತ್ತು. ತೊಟ್ಟಿಗೆ ಒಂದು ನೀಲಿ ರಿಬ್ಬನ್ ಬೇರೆ ಕಟ್ಟಿದ್ದರು.

ಪಿಳ್ಳಪ್ಪ ರಿಬ್ಬನ್ನನ್ನು ಬೆರಳಲ್ಲಿ ನೇವರಿಸಿದ. 'ಎಷ್ಟಾದ್ರೂ ಓದಿದೋರು' ಅಂದುಕೊಂಡ, ಆಫೀಸಿನವರನ್ನು ನೆನೆದು. 'ಬಾಯಲ್ಲಿ ಏನೂ ಹೇಳ್ದೆ, ರಿಬ್ಬನ್ ಕಟ್ಟಿ ಮಡಗವ್ರೆ. ನಾನೇ ಸುಮ್ನೆ ಅವರನ್ನ ಬಾಯಿಗೆ ಬಂದಂಗೆ ಅಂದ್ಕೊಂಡು ತಿರುಗಿದೆ.'

ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡು ಬಂದ. ನೆತ್ತಿಯ ಮೇಲೆ ಚೌಕಕ್ಕೆ ಕೊಯ್ದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಏದುಸಿರು ಬಿಡುತ್ತಾ ಬಸ್ಸಿನ ಸುತ್ತ ಸುತ್ತಿ ಬಂದ. ಇದ್ದ ನಿಂಬೆಹಣ್ಣುಗಳನ್ನೆಲ್ಲ ಚಕ್ರದ ಕೆಳಗೆ ಇಟ್ಟ. ಆಮೇಲೆ ಗೇಟಿನ ಹತ್ತಿರ ನಿಂತು, ಹೋದ ವರ್ಷದ ಕ್ಲಚ್ ಪ್ಲೇಟು, ವೈಪರು, ಆ ಎಮ್ಮೆ, ಎಲ್ಲವನ್ನೂ ಮನಸ್ಸಿಗೆ ತಂದುಕೊಂಡು ಕಾಯನ್ನು ತಲೆಯ ಮೇಲಕ್ಕೆ ಎತ್ತಿ ಅಪ್ಪಳಿಸಿದ.

ಆ ಸದ್ದಿಗೆ ಚಾಪೆಲ್ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೋದವು.

ಅಡುಗೆಮನೆಯಿಂದ ಮುನಿತಾಯಮ್ಮ ಕಾಫಿ ಲೋಟ ಹಿಡಿದು ಬಂದಳು. ಕೆಂಪಗೆ ಕುಂಕುಮ ಕಲಸಿದ ಬಿಳಿ ತಿರುಳು ಗೇಟಿನಿಂದ ಮೋರಿಯವರೆಗೂ ಚೆಲ್ಲಿತ್ತು. ಊರಿನ ಹಸುವೊಂದು ಆಗಲೇ ಬಂದು ಒಂದು ಹೋಳಿಗೆ ಬಾಯಿ ಹಾಕಿತ್ತು.

"ಕೇಳ್ತೇನೇ ಸದ್ದು?" ಅಂದ ಪಿಳ್ಳಪ್ಪ, ಬೆವರು ಒರೆಸಿಕೊಳ್ಳುತ್ತಾ. "ಬಂಡೆಗೆ ಸಿಡಿಮದ್ದು ಇಟ್ಟಂಗೆ! ಈ ವರ್ಷ ಬಸ್ಸಿನ ಹತ್ರ ಎಮ್ಮೆ ಅಲ್ಲ, ಆನೆ ಬರ್ಲಿ ನೋಡ್ಮ."

"ಎಲ್ಲಿತ್ತು ಈ ಕಾಯಿ?"

"ನಮ್ಮ ಶೆಡ್ನಾಗೇ. ಹುಲ್ಲು ಹಾಸಿ ಮಡಗಿದ್ರು ಆಫೀಸಿನೋರು."

ಮುನಿತಾಯಮ್ಮ ಬಗ್ಗಿ, ಹೋಳುಗಳ ನಡುವಿನಿಂದ ನೀಲಿ ರಿಬ್ಬನ್ನನ್ನು ಎರಡು ಬೆರಳಲ್ಲಿ ಎತ್ತಿದಳು. ಕಾಫಿ ಲೋಟವನ್ನು ನೆಲಕ್ಕೆ ಕುಕ್ಕಿದಳು.

"ನಿನ್ ಮನೆ ಕಾಯ್ವಾಗ! ಆಫೀಸಿನೋರು ಕೊಟ್ಟಿದ್ದು ಕಿಟಕಿ ಮೇಲೆ ಪ್ಲಾಸ್ಟಿಕ್ ಕವರ್‌ನಾಗದೆ, ಅದೇ ಬದನೆಕಾಯಿ ಗಾತ್ರದ್ದು. ಇದು ಗುಂಡಮ್ಮ!"

"ಯಾವ ಗುಂಡಮ್ಮ?"

"ಮಾಕಳಿ ಹೆಣ್ಮಕ್ಳ ಗುಂಡಮ್ಮ! ಸ್ನಾನದ ನೀರು ಹೊತ್ತು ಹಾಕಿ ಬೆಳೆಸಿದ್ದು ಕಣೋ! ಆ ಅರ್ಪಿತ ದಿನಾ ಬಂದು ಅದರ ಮೈ ಸವರಿ ಹೋಗೋಳು. ನಂದಿ ಹುಡುಗ್ರು ಕದೀತಾರೆ ಅಂತ ನೀನು ಹೊಸಕೋಟೆಗೆ ಹೋದಾಗ ನಿನ್ ಶೆಡ್ನಾಗೆ ಬಚ್ಚಿಟ್ಟಿದ್ರು. ತಾತನ ಶೆಡ್ಡಿಗೆ ಯಾರೂ ಬರಲ್ಲ, ತಾತನೇ ಕಾವಲು ಅಂತ!"

ಪಿಳ್ಳಪ್ಪ ಹಸುವಿನ ಬಾಯಿಯನ್ನೇ ನೋಡಿದ. ಅದು ನೆಮ್ಮದಿಯಾಗಿ ಅಗಿಯುತ್ತಿತ್ತು.

"ಈಗ ಏನೇ ಮಾಡೋದು?"

"ಏನು ಮಾಡೋದು? ಹೋಗಿ ಮಕ್ಳ ಮುಂದೆ ಹೇಳು, ಗೊತ್ತಿಲ್ದೆ ಒಡೆದ್ಬಿಟ್ಟೆ ಅಂತ."

"ಇವತ್ತಾ? ಆ ಹುಡುಗಿ ಅತ್ಕಂಡು ಕೂತ್ರೆ? ಮಾಕಳಿಯೋರು ರೇಗಿ ನಂದಿಯೋರ ಗೊನೆ ಕಿತ್ತು ಬಿಸಾಕಿದ್ರೆ? ಪ್ರಿನ್ಸಿಪಾಲ್ರು ಕಾಯ್ತಾವ್ರೆ ಕಣೇ, ಯಾವಾಗ ಜಗಳ ಆದಾತು ಅಂತ. ಬೆಳೆಹಬ್ಬ ನನ್ನಿಂದ ನಿಂತೋಗ್ತದೆ. ತೀರ್ಪು ಹೇಳೋಳ ಗಂಡನೇ ಕಾಯಿ ಒಡೆದ ಅಂತ ನಿನ್ನೂ ಬಿಡಲ್ಲ." ಅವನು ಆಗಲೇ ಬಸ್ಸು ಹತ್ತಿದ್ದ. "ಆರಾಧನೆಗೆ ಇನ್ನೂ ಹೊತ್ತದೆ. ನೀನು ಇದನ್ನ ಗುಡಿಸು. ನಾನು ಇನ್ನೊಂದು ಗುಂಡಮ್ಮನ್ನ ತರ್ತೀನಿ."

ಆಯುಧಪೂಜೆಯ ದಿನ ಬೂದುಗುಂಬಳ ಹುಡುಕಿ ಹೊರಟವನ ಪಾಡು ಕೇಳುವುದೇ ಬೇಡ. ದಾರಿಯುದ್ದಕ್ಕೂ ಕುಂಬಳಕಾಯಿಯೇ ಇತ್ತು, ಆದರೆ ಇಡೀ ಕಾಯಿ ಒಂದೂ ಇಲ್ಲ. ಪಂಕ್ಚರ್ ಅಂಗಡಿಯ ಮುಂದೆ ಹೋಳು, ರೈಸ್‌ಮಿಲ್ಲಿನ ಮುಂದೆ ಹೋಳು, ಮಗ್ಗದ ಮನೆಗಳ ಬಾಗಿಲಲ್ಲೆಲ್ಲ ಹೋಳು. ಗಾಡಿಯವರ ಹತ್ತಿರ ಉಳಿದದ್ದು ಬರೀ ಬಾಳೆಕಂದು. ಪಿಳ್ಳಪ್ಪನ ಎದೆಗೆ ಪ್ರತಿ ಹೋಳೂ ಒಂದೊಂದು ಏಟು ಕೊಟ್ಟಂತೆ ಆಗುತ್ತಿತ್ತು.

ಊರ ಹೊರಗೆ ಕೊಂಡಪ್ಪನ ಜೆಸಿಬಿ ನಿಂತಿತ್ತು. ಕೊಂಡಪ್ಪ ಅವನ ಹಳೆಯ ಗೆಳೆಯ. ಹಳದಿ ಜೆಸಿಬಿಗೆ ಸೇವಂತಿಗೆ ಹಾರ ಹಾಕಿ, ಅದರ ಮುಂದೆ ಒಂದು ಒಳ್ಳೆಯ ಗಾತ್ರದ ಬೂದುಗುಂಬಳವನ್ನು ಕೈಯಲ್ಲಿ ಹಿಡಿದು, ಇನ್ನೇನು ಒಡೆಯಬೇಕು.

"ಲೇ ಕೊಂಡ! ತಡಿಯೋ!" ಬಸ್ಸು ನಿಲ್ಲುವ ಮುಂಚೆಯೇ ಪಿಳ್ಳಪ್ಪ ಕೂಗಿದ. ಓಡಿಹೋಗಿ ಕಾಯಿಯ ಇನ್ನೊಂದು ಕಡೆ ಹಿಡಿದುಕೊಂಡ.

"ಏ, ಬಿಡ್ಲಾ! ಕರ್ಪೂರ ಉರೀತಾ ಅದೆ, ಕೈ ಸುಟ್ಕೊಂತೀಯ."

"ನಂಗೆ ಕೊಡು ಗುರು ಈ ಕಾಯಿ. ನಿನ್ನ ಕಾಲಿಗೆ ಬೀಳ್ತೀನಿ. ಮಕ್ಕಳ ವಿಷಯ."

"ಕುಂಕುಮ ಹಾಕಿ ಆಗದೆ, ಮಂತ್ರ ಆಗದೆ. ಇದನ್ನ ಈಗ ದೇವರ ಮುಂದೆ ಮಡಗ್ತೀಯಾ? ಜೆಸಿಬಿ ದೃಷ್ಟಿ ಎಲ್ಲಾ ಇದರೊಳಗೆ ಬಂದು ಕೂತದೆ. ಅದನ್ನ ಬೇಯಿಸಿ ಮಕ್ಕಳಿಗೆ ಉಣ್ಣಿಸ್ತೀಯಾ?"

ಪಿಳ್ಳಪ್ಪ ಕೈ ಬಿಟ್ಟ. ಅಷ್ಟು ಯೋಚನೆ ಅವನಿಗೆ ಬಂದಿರಲಿಲ್ಲ. ಕೊಂಡಪ್ಪ ಕಾಯಿ ಒಡೆದು, ಕೈ ತೊಳೆದುಕೊಂಡು, ಗೆಳೆಯನ ಕಥೆಯನ್ನು ಪೂರ್ತಿ ಕೇಳಿ, ಜೆಸಿಬಿಯ ಚಕ್ರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಬೇಡ್ವೋ. ಏನಾದ್ರೂ ದಾರಿ ಹೇಳು."

"ಮನೇಲಿ ಒಂದು ಸಿಹಿಗುಂಬಳ ಅದೆ, ನಮ್ಮೋಳು ಹಬ್ಬಕ್ಕೆ ಅಂತ ಮಡಗವ್ಳೆ. ದೊಡ್ಡದು."

"ಅದು ಹಳದಿ ಅಲ್ವೇನೋ! ಚಪ್ಪಟೆ ಬೇರೆ!"

"ಒಲೆ ಬೂದಿ ಬಳಿ. ಚಾಪೆಲ್ ಒಳಗೆ ಕತ್ತಲೆ ಇರ್ತದೆ ಅಲ್ವಾ? ಯಾರು ಹತ್ರ ಬಂದು ಮೂಸ್ತಾರೆ?"

ಮನಸ್ಸು ಕೆಟ್ಟವನಿಗೆ ಎಂಥ ಉಪಾಯವೂ ಉಪಾಯದಂತೆಯೇ ಕಾಣುತ್ತದೆ. ಪಿಳ್ಳಪ್ಪ ಸಿಹಿಗುಂಬಳಕ್ಕೆ ಬೂದಿ ಬಳಿದು, ಶೆಡ್ಡಿಗೆ ತಂದು, ಹುಲ್ಲಿನ ಮೇಲೆ ಕೂರಿಸಿ, ರಿಬ್ಬನ್ ಕಟ್ಟಿ ದೂರ ನಿಂತು ನೋಡಿದ. ಮುನಿತಾಯಮ್ಮನೂ ಬಂದು ನೋಡಿದಳು.

"ಹೆಂಗದೆ?"

"ನಾಟಕದಾಗೆ ಮೀಸೆ ಬೋಳಿಸಿ ಪೌಡರ್ ಬಳ್ಕೊಂಡು ಸೀರೆ ಉಟ್ಟೋನ ಥರ ಅದೆ" ಅಂದಳು ಮುನಿತಾಯಮ್ಮ. "ಈಗ್ಲೂ ಹೊತ್ತು ಮೀರಿಲ್ಲ. ಹೋಗಿ ಹೇಳ್ಬಿಡು."

ಅಷ್ಟರಲ್ಲಿ ಮಾಕಳಿಯ ಹುಡುಗಿಯರು ಹಾಡು ಹೇಳಿಕೊಂಡು ಬಂದೇ ಬಂದರು. ಪಿಳ್ಳಪ್ಪ ಗೋಣಿಚೀಲ ಎಳೆದು ಕಾಯಿ ಮುಚ್ಚಿದ. ಮುಂದೆ ಅರ್ಪಿತ, ಹತ್ತನೇ ಕ್ಲಾಸಿನವಳು, ಹಾಸ್ಟೆಲಿನ ಕ್ಯಾಪ್ಟನ್ನು. ಗುಂಡಮ್ಮನನ್ನು ಕೂರಿಸಲು ಹೂವಿನಿಂದ ಸಿಂಗರಿಸಿದ ಒಂದು ಮರದ ಹಲಗೆ ತಂದಿದ್ದರು.

"ತಾತಾ, ಚೆನ್ನಾಗಿ ನೋಡ್ಕೊಂಡ್ರಾ ನಮ್ಮ ಗುಂಡಮ್ಮನ್ನ?" ಅಂದಳು ಅರ್ಪಿತ.

ಪಿಳ್ಳಪ್ಪ ಬೂದಿಯಾದ ಕೈಯನ್ನು ಬೆನ್ನ ಹಿಂದೆ ಅಡಗಿಸಿದ. ಅರ್ಪಿತ ಗೋಣಿಚೀಲ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

"ಇದು ಗುಂಡಮ್ಮ ಅಲ್ಲ."

"ಹಂಗೇನಿಲ್ಲ... ಅಂದ್ರೆ, ಮಲಗಿ ಮಲಗಿ ಸ್ವಲ್ಪ ಚಪ್ಪಟೆ..." ಅಂದ ಪಿಳ್ಳಪ್ಪ.

ಅರ್ಪಿತ ಬೆರಳಲ್ಲಿ ಒಂದು ಗೆರೆ ಎಳೆದಳು. ಬೂದಿಯ ಕೆಳಗಿಂದ ಹಳದಿ ಬಣ್ಣ ಹೊಳೆಯಿತು. ಹುಡುಗಿಯರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು.

"ನಂದಿಯೋರು!" ಅಂದಳು ಅರ್ಪಿತ. "ಗುಂಡಮ್ಮನ್ನ ಕದ್ದು, ಅದರ ಜಾಗಕ್ಕೆ ಇದನ್ನ ಇಟ್ಟಿದ್ದಾರೆ! ನಗಾಡೋಕೆ! ಬನ್ರೇ!"

"ಅಮ್ಮಯ್ಯ, ನಿಂತ್ಕೋ, ನಾನ್ ಹೇಳೋದು..." ಅಂತ ಪಿಳ್ಳಪ್ಪ ಹೇಳುವಷ್ಟರಲ್ಲಿ ಶೆಡ್ಡು ಖಾಲಿಯಾಗಿತ್ತು. ಬೂದಿ ಬಳಿದ ಸಿಹಿಗುಂಬಳ ಮೆರವಣಿಗೆಯಲ್ಲಿ ಸಾಕ್ಷಿಗೆ ಹೊರಟಿತ್ತು.

ಚಾಪೆಲ್ ಮೆಟ್ಟಿಲ ಮೇಲೆ ನಂದಿಯ ಹುಡುಗರು ತಮ್ಮ ಬಾಳೆಗೊನೆ ಹೊತ್ತು ನಿಂತಿದ್ದರು. ಈ ಸಲ ಯಾರೂ ಕೊಂಕು ತೆಗೆಯಬಾರದು ಅಂತ ಗೊನೆಯನ್ನು ಗಿಡದ ಸಮೇತ ಕಿತ್ತು ತಂದಿದ್ದರು, ಬೇರಿನ ಮಣ್ಣು ಉದುರುತ್ತಿತ್ತು. ಅವರ ಕ್ಯಾಪ್ಟನ್ ನರೇಶ ಮಣ್ಣಾದ ಕೈಯಲ್ಲಿ ಗಂಟೆಯ ಹಗ್ಗ ಹಿಡಿಯಲು ಹೊರಟಿದ್ದ. ಅರ್ಪಿತ ಹೋದವಳೇ ಹಗ್ಗವನ್ನು ಕಿತ್ತುಕೊಂಡಳು.

"ಎಲ್ಲೋ ನಮ್ಮ ಗುಂಡಮ್ಮ?"

"ಯಾವ ಗುಂಡಮ್ಮ? ನಿಮ್ಮ ವಾರ್ಡನ್ನಾ?"

"ನರೇಶ, ನಾಟಕ ಆಡ್ಬೇಡ. ಈ ಬೂದಿ ಬಳಿದಿದ್ದು ಯಾರು?"

ನರೇಶ ಸಿಹಿಗುಂಬಳವನ್ನು ನೋಡಿದ. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ. "ಇಷ್ಟು ಕೆಟ್ಟದಾಗಿ ನಮ್ಮ ಒಂದನೇ ಕ್ಲಾಸಿನೋರೂ ಬಳಿಯಲ್ಲ ಕಣಮ್ಮ. ನೀವೇ ಮಂಡಿಯಿಂದ ತಂದು, ಗೊತ್ತಾಗ್ಬಿಡುತ್ತೆ ಅಂತ ನಮ್ಮ ಮೇಲೆ ಹಾಕ್ತಿದ್ದೀರ!"

"ಮಂಡಿಯೋರು ನೀವು! ಸುಣ್ಣದ ಗುರುತು!"

"ಪಾರಿವಾಳ ಅಂತ ಹೇಳಿದ್ದೆ!"

ಆಮೇಲೆ ಯಾರ ಮಾತು ಯಾರದು ಅಂತ ಹೇಳಲಾಗದು. ಅಂಗಳದಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಂದಿರು ಕೂಡಿದ್ದರು. ಕೆಲವರು ಬಿಡಿಸಲು ಬಂದು ತಂತಮ್ಮ ಮಕ್ಕಳ ಪಕ್ಷ ವಹಿಸಿ ನಿಂತುಬಿಟ್ಟರು. ಹರಿಪ್ರಸಾದರು ಬಂದರು. ಈ ಸಲ ಅವರು ಕೋಟು ಹಾಕಿಕೊಂಡೇ ಇರಲಿಲ್ಲ, ಬುದ್ಧಿವಂತರು.

"ಸಾಕು!" ಅಂದರು. "ನಾನು ಮೊದಲೇ ಹೇಳಿದ್ದೆ. ಇವತ್ತಿನ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳ್ತೀನಿ. ಇದೇ ಕಡೇ ಬೆಳೆಹಬ್ಬ."

ಚಾಪೆಲ್ಲಿನ ಪಾದ್ರಿ ದೇವರಾಜ್ ಅಯ್ಯನೋರು ಬಾಗಿಲಿಗೆ ಬಂದು, ಮೆಲ್ಲಗೆ, "ಕಡೇದೋ ಮೊದಲನೇದೋ, ಕಾಲು ತೊಳ್ಕೊಂಡು ಒಳಗೆ ಬನ್ನಿ ಮಕ್ಕಳೇ. ಹೊಟ್ಟೆಗೆ ಹಾಕಿದ ದೇವರಿಗೆ ವಂದನೆ ಹೇಳ್ಬೇಕಲ್ಲ" ಅಂದರು. ಎಲ್ಲರೂ ತಲೆ ತಗ್ಗಿಸಿ ಒಳಗೆ ಹೋದರು. ಗಂಟೆ ಬಾರಿಸಲಿಲ್ಲ. ಹಗ್ಗ ಮೆಟ್ಟಿಲ ಮೇಲೆ ಬಿದ್ದಿತ್ತು.

ಪಿಳ್ಳಪ್ಪ ಕಡೆಯ ಬೆಂಚಿನಲ್ಲಿ ಕೂತ. ಎಡಗಡೆ ಹುಡುಗಿಯರು ಗೋಡೆಗೆ ಅಂಟಿಕೊಂಡಂತೆ, ಬಲಗಡೆ ಹುಡುಗರು ಇನ್ನೊಂದು ಗೋಡೆಗೆ. ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ದೇವರ ಮೇಜಿನ ಮುಂದೆ ಬಾಳೆಯ ಗಿಡ ಮುಗ್ಗರಿಸಿದಂತೆ ಬಿದ್ದಿತ್ತು. ಅದರ ಪಕ್ಕ ಎರಡೂ ಹಾಸ್ಟೆಲಿನ ಬುಟ್ಟಿಗಳಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಸೊಪ್ಪು. ಹಾಡು ಶುರುವಾಯಿತು. ಯಾವತ್ತೂ ಚಾವಣಿ ಹಾರಿಸುವಂತೆ ಹಾಡುವ ಮಕ್ಕಳು ಇವತ್ತು ಹಲ್ಲುನೋವಿನವರ ಹಾಗೆ ಹಾಡಿದವು. 'ಆಮೆನ್' ಬಂದಾಗ ಪಿಳ್ಳಪ್ಪನ ಬಾಯಿಂದ ಗಾಳಿ ಮಾತ್ರ ಬಂತು.

ಬೆಳೆಹಬ್ಬದಲ್ಲಿ ವಂದನೆಯ ಮಾತು ಅಂತ ಒಂದು ಹೊತ್ತು ಇರುತ್ತದೆ. ಯಾರು ಬೇಕಾದರೂ ಎದ್ದು, ಈ ವರ್ಷ ದೇವರು ಏನು ಕೊಟ್ಟ ಅಂತ ಒಂದು ಮಾತು ಹೇಳಬಹುದು. ಬೇರೆ ವರ್ಷಗಳಲ್ಲಿ ಮಕ್ಕಳು ನಾ ಮುಂದು ತಾ ಮುಂದು ಅಂತ ಏಳುತ್ತಿದ್ದವು: ಗಣಿತದಲ್ಲಿ ಪಾಸಾದದ್ದಕ್ಕೆ ವಂದನೆ, ಅಕ್ಕನ ಮದುವೆಗೆ ರಜೆ ಸಿಕ್ಕಿದ್ದಕ್ಕೆ ವಂದನೆ. ಇವತ್ತು ಯಾರೂ ಏಳಲಿಲ್ಲ. ಅಯ್ಯನೋರು ಕಾದರು. ಮುನಿತಾಯಮ್ಮ ಅಡುಗೆಯವರ ಸಾಲಿನಿಂದ ತಿರುಗಿ ಗಂಡನನ್ನು ಒಂದು ನೋಟ ನೋಡಿದಳು. ಆ ನೋಟ ಅವನಿಗೆ ಮದುವೆಯಾದಾಗಿನಿಂದ ಗೊತ್ತು.

ಪಿಳ್ಳಪ್ಪ ಎದ್ದು ನಿಂತ. ಇಷ್ಟು ವರ್ಷದಲ್ಲಿ ಒಮ್ಮೆಯೂ ಎದ್ದವನಲ್ಲ. ಎಲ್ಲರೂ ತಿರುಗಿದರು.

"ಅಯ್ಯನೋರೇ, ನಾನೂ ಒಂದು ವಂದನೆ ಹೇಳ್ಬೇಕು. ದೇವರು ಈ ವರ್ಷ ಭಾಳ ಒಳ್ಳೇ ಬೂದುಗುಂಬಳಕಾಯಿ ಕೊಟ್ಟ. ಅಂಥ ಕಾಯಿ ನನ್ ಜೀವ್ಮಾನದಾಗೆ ನೋಡಿರ್ಲಿಲ್ಲ. ಅದಕ್ಕೆ ವಂದನೆ." ಒಂದು ಹೆಜ್ಜೆ ಮುಂದೆ ಬಂದ. "ಬೆಳಿಗ್ಗೆ ಅದನ್ನ ನಾನು ಬಸ್ಸಿಗೆ ಒಡೆದ್ಬಿಟ್ಟೆ."

ಮುಂದೆ ಹೇಳು ಅನ್ನುವ ಹಾಗೆ ಮುನಿತಾಯಮ್ಮ ತಲೆ ಆಡಿಸಿದಳು.

"ಆಫೀಸಿನೋರು ಕೊಟ್ಟಿದ್ದು ಅನ್ಕೊಂಡೆ. ರಿಬ್ಬನ್ನೂ ನಂಗೇ ಕಟ್ಟವ್ರೆ ಅನ್ಕೊಂಡೆ. ಗೊತ್ತಾದ್ಮೇಲೆ ಹೇಳೋಕೆ ಹೆದರ್ಕೊಂಡು, ಆ ಸಿಹಿಗುಂಬಳಕ್ಕೆ ಬೂದಿ ಬಳಿದಿದ್ದೂ ನಾನೇ. ನಂದಿ ಹುಡುಗ್ರು ಏನೂ ಮಾಡಿಲ್ಲ. ಮಾಕಳಿ ಮಕ್ಳು ಸುಳ್ಳು ಹೇಳಿಲ್ಲ. ಎಲ್ಲಾ ನಾನು ಮಾಡಿದ್ದು."

ಅರ್ಪಿತ ಎದ್ದು ನಿಂತಳು. ಕಣ್ಣು ತುಂಬಿತ್ತು.

"ಗುಂಡಮ್ಮನ್ನ... ಬಸ್ಸಿಗೆ ಒಡೆದ್ರಾ ತಾತ?"

"ಹೂಂ ಕಣವ್ವ. ಒಂದೇ ಏಟಿಗೆ. ಅದಕ್ಕೆ ನೋವಾಗಿಲ್ಲ."

ಬಲಗಡೆಯಿಂದ ಮೊದಲು ಒಂದು ಕಿಸಕ್ ಅಂತ ಬಂತು. ನರೇಶ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಅರ್ಪಿತ ಅವನನ್ನು ಸುಡುವಂತೆ ನೋಡಿದಳು. ಆಮೇಲೆ ಅವಳ ತುಟಿಯೂ ಅದುರಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. "ಚಪ್ಪಟೆ ಆಗಿದೆ ಅಂದ್ರು ಕಣೋ, ಮಲಗಿ ಮಲಗಿ!" ಅಂದಳು ನರೇಶನಿಗೆ. ಅಷ್ಟೇ, ಇಡೀ ಚಾಪೆಲ್ಲೇ ಬಿದ್ದು ಬಿದ್ದು ನಕ್ಕಿತು. ಅಯ್ಯನೋರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು, ಪುಸ್ತಕ ಕುಣಿಯುತ್ತಿತ್ತು.

ನಗು ಇಳಿದ ಮೇಲೆ ನರೇಶ ಎದ್ದ. "ಅಯ್ಯನೋರೇ, ತಾತನಿಗೆ ಶಿಕ್ಷೆ ಆಗ್ಬೇಕು."

"ಆಗ್ಲೇಬೇಕು" ಅಂದಳು ಅರ್ಪಿತ.

ಇಬ್ಬರೂ ನಡುವಿನ ಆ ಖಾಲಿ ಜಾಗಕ್ಕೆ ಬಂದು ತಲೆಗೆ ತಲೆ ಸೇರಿಸಿ ಮಾತಾಡಿದ್ದೇ ತಡ, ಎರಡೂ ಗೋಡೆಯಿಂದ ಮಕ್ಕಳು ಬಂದು ಸುತ್ತ ಮುತ್ತಿಕೊಂಡರು. ತಾತನಿಂದ ಪಾತಿ ತೋಡಿಸೋಣ ಅಂತ ಒಬ್ಬ, ಗೊಬ್ಬರ ಹೊರಿಸೋಣ ಅಂತ ಒಬ್ಬಳು, ನೀರು ಬೇಕಾದರೆ ನಾವು ಹಾಕುತ್ತೇವೆ ಪಾಪ ಅಂತ ಇನ್ನೊಬ್ಬಳು. ಕಡೆಗೆ ಅರ್ಪಿತ ತೀರ್ಪು ಓದಿದಳು: "ಮುಂದಿನ ಬೆಳೆಹಬ್ಬಕ್ಕೆ ತಾತ ತಾವೇ ಒಂದು ಬೂದುಗುಂಬಳ ಬೆಳೀಬೇಕು. ಗುಂಡಮ್ಮನಿಗಿಂತ ದೊಡ್ಡದು. ನೀರು ಒಂದಿನ ನಮ್ದು, ಒಂದಿನ ನಂದಿದು. ಈ ವರ್ಷದ ಗಂಟೆನೂ ಹಂಗೇ, ವಾರಕ್ಕೆ ಒಬ್ರು. ನಾನು ಹತ್ತನೇದು ಮುಗಿಸಿ ಹೋಗೋ ಹೊತ್ತಿಗೆ ಬಳ್ಳಿ ಹೂ ಬಿಟ್ಟಿರ್ಬೇಕು."

"ಆಗಲಿ ತಾಯಿ" ಅಂದ ಪಿಳ್ಳಪ್ಪ.

ಹರಿಪ್ರಸಾದರು ಮುಂದಿನ ಬೆಂಚಿನಿಂದ ಎದ್ದರು. "ಮುಂದಿನ ಬೆಳೆಹಬ್ಬ ಅಂತ ಯಾರು ಹೇಳಿದ್ದು? ಜಗಳ ಆದ್ರೆ ಮುಗೀತು ಅಂತ ಹೇಳಿರ್ಲಿಲ್ವಾ?"

"ಸಾರ್," ಅಂದ ನರೇಶ, ಬಹಳ ವಿನಯವಾಗಿ, "ನೀವು ಹೇಳಿದ್ದು ಮಾಕಳಿಗೂ ನಂದಿಗೂ ಜಗಳ ಆದ್ರೆ ಅಂತ. ಈಗ ನಾವೆಲ್ಲ ಒಂದೇ ಕಡೆ. ಆ ಕಡೆ ಇರೋದು ತಾತ ಒಬ್ರೇ."

ಹಿಂದಿನಿಂದ ಒಬ್ಬ ತಂದೆ "ಸರಿ ಅದೆ!" ಅಂತ ಕೂಗಿದರು. ಹರಿಪ್ರಸಾದರು ನಗಲಿಲ್ಲ. ಊಟ ಆದ ಮೇಲೆ ಹೇಳುತ್ತೇನೆ ಅಂದು ಕೂತರು.

ಬಾಳೆಕಾಯಿ ಪಲ್ಯ, ಸೊಪ್ಪಿನ ಹುಳಿ, ಬೂದಿ ತೊಳೆದ ಸಿಹಿಗುಂಬಳದ ಗೊಜ್ಜು. ಯಾರು ಗೆದ್ದರು ಅಂತ ಕೇಳಿದರೆ ಮುನಿತಾಯಮ್ಮ ಸೌಟು ಎತ್ತಿ, "ನನ್ ಗಂಡ ಸೋತ. ಅಷ್ಟು ಸಾಕು, ಉಣ್ರಿ" ಅಂದಳು. ಮಕ್ಕಳು ಹುಡುಗರು ಹುಡುಗಿಯರು ಅಂತಿಲ್ಲದೆ ಕಲಸಿಕೊಂಡು ಕೂತಿದ್ದರು. ಪಿಳ್ಳಪ್ಪ ಮಾತ್ರ ಉಣ್ಣಲಾರದೆ ಬಸ್ಸಿನ ಹತ್ತಿರ ಹೋಗಿ ನಿಂತ. ಅಲ್ಲಿಗೇ ಹರಿಪ್ರಸಾದರು ಬಂದರು. ಕೆಲಸದಿಂದ ಬಿಡಿಸಲು ಬಂದರು ಅಂತ ಅವನು ಬಸ್ಸಿನ ಕೀಲಿಯನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದ.

"ಪಿಳ್ಳಪ್ಪ," ಅಂದರು ಪ್ರಿನ್ಸಿಪಾಲರು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ. "ನನ್ನ ಕಾರು. ಹೊಸದು. ಊರಿಂದ ನಮ್ಮ ಅಮ್ಮ ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದ್ದಾರೆ, ಪೂಜೆ ಆಯ್ತಾ, ಪೂಜೆ ಆಯ್ತಾ ಅಂತ. ಆಗದೆ ಓಡಿಸ್ಕೊಂಡು ಬಂದ್ರೆ ಮನೆ ಒಳಗೆ ಸೇರಿಸಲ್ವಂತೆ."

ಪಿಳ್ಳಪ್ಪ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಆ ಬದನೆಕಾಯಿ ಗಾತ್ರದ್ದು ಬಿಟ್ರೆ ಕುಂಬಳಕಾಯಿ ಇಲ್ವಲ್ಲ ಸಾರ್."

"ನಾಲ್ಕು ಚಕ್ರಕ್ಕೆ ನಿಂಬೆಹಣ್ಣಾದ್ರೂ ಇಡು. ಚಾಪೆಲ್ ಒಳಗೆ ಬುಟ್ಟಿ ತುಂಬ ಇದ್ವಲ್ಲ."

"ಅಯ್ಯೋ, ಅದು ಮಕ್ಳ ಕಾಣಿಕೆ ಸಾರ್! ಇನ್ಮೇಲೆ ಕೇಳ್ದೆ ಒಂದು ಕರಿಬೇವಿನ ಎಲೆನೂ ಮುಟ್ಟಲ್ಲ ಅಂತ ನಾನು ಹರಕೆ ಹೊತ್ತಿವ್ನಿ. ನೀವೇ ಕೇಳಿ."

ಹೀಗಾಗಿ, ಎಲೆ ಎತ್ತಿ ಕೈ ತೊಳೆಯುತ್ತಿದ್ದ ಇಡೀ ಶಾಲೆಯ ಮುಂದೆ, ತಂದೆತಾಯಂದಿರೂ ಅಯ್ಯನೋರೂ ನೋಡುತ್ತಿರುವಾಗ, ಪ್ರಿನ್ಸಿಪಾಲ್ ಹರಿಪ್ರಸಾದರು ಅರ್ಪಿತ ಮತ್ತು ನರೇಶನ ಮುಂದೆ ನಿಂತು ನಾಲ್ಕು ನಿಂಬೆಹಣ್ಣು ಕೇಳಬೇಕಾಯಿತು.

ಅರ್ಪಿತ ನರೇಶನ ಮುಖ ನೋಡಿದಳು. ನರೇಶ ಅರ್ಪಿತಳ ಮುಖ ನೋಡಿದ.

"ಕೊಡ್ತೀವಿ ಸಾರ್" ಅಂದಳು ಅರ್ಪಿತ. "ಆದ್ರೆ ಮುಂದಿನ ಆಯುಧಪೂಜೆಗೂ ನಿಮ್ಗೆ ಬೇಕಾಗುತ್ತಲ್ಲ. ಬೆಳೆಹಬ್ಬ ಇಲ್ಲದಿದ್ರೆ ಎಲ್ಲಿಂದ ತರ್ತೀರ?"

"ಬಿಸ್ಕತ್ ಪ್ಯಾಕೆಟ್ ಚಕ್ರದ ಕೆಳಗೆ ಇಟ್ರೆ ನಡೆಯುತ್ತಾ ತಾತ?" ಅಂತ ನರೇಶ ಪಿಳ್ಳಪ್ಪನನ್ನು ಕೇಳಿದ.

"ನಡೆಯಲ್ಲಪ್ಪ" ಅಂದ ಪಿಳ್ಳಪ್ಪ, ಬಹಳ ಗಂಭೀರವಾಗಿ. "ಎಮ್ಮೆ ಗುದ್ತದೆ."

ಹರಿಪ್ರಸಾದರ ಜೇಬಿನಲ್ಲಿ ಮತ್ತೆ ಫೋನು ಬಡಿದುಕೊಂಡಿತು. ಅವರು ಅದನ್ನು ತೆಗೆದು ನೋಡಿ, ಹಾಗೇ ಒಳಗೆ ಹಾಕಿಕೊಂಡರು.

"ಸರಿ. ಬೆಳೆಹಬ್ಬ ಇರುತ್ತೆ. ತನ್ನಿ ನಿಂಬೆಹಣ್ಣು."

"ಯಾರ ಬುಟ್ಟೀದು ಸಾರ್? ಮಾಕಳಿದಾ, ನಂದಿದಾ?"

ಅಂಗಳವೆಲ್ಲ ಕಿವಿಯಾಯಿತು. ಪ್ರಿನ್ಸಿಪಾಲರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ತಮ್ಮ ಬಿಳಿ ಅಂಗಿಯನ್ನೂ ಒಮ್ಮೆ ನೋಡಿಕೊಂಡರು.

"ಎರಡೆರಡು" ಅಂದರು.